ಜೇಬಿನ ಪುಟ್ಟ ಚಾಕು: ಅದರ ಸೊಗಸು ಎಲ್ಲಿದೆ, ಅದನ್ನು ಕಾಪಾಡುವುದು ಹೇಗೆ?

ಪ್ರಶ್ನೆ: ನಮ್ಮ ಅಜ್ಜನ ಎಲೆಅಡಿಕೆ ಚೀಲದಲ್ಲಿ ಸುಣ್ಣದ ಡಬ್ಬಿಯ ಜೊತೆ ಒಂದು ಮಡಚುವ ಚಾಕು ಯಾವಾಗಲೂ ಇರುತ್ತಿತ್ತು. ಈಗ ಅದು ತುಕ್ಕು ಹಿಡಿದು ತೆರೆಯುತ್ತಲೇ ಇಲ್ಲ. ಇಂಗ್ಲೆಂಡಿನಲ್ಲಿರುವ ನನ್ನ ಮಗನೂ ಅಂಥದ್ದೇ ಒಂದನ್ನು ದಿನವೂ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಾನೆ. ಇಪ್ಪತ್ತು ರೂಪಾಯಿಗೆ ಕಟರ್ ಸಿಗುವಾಗ ಈ ಹಳೇ ಮಾದರಿಯ ಚಾಕುವಿನ ಮೇಲೆ ಜನರಿಗೆ ಯಾಕಿಷ್ಟು ಆಸೆ? ನಾನೂ ಒಂದು ಕೊಳ್ಳುವುದಾದರೆ ಯಾವುದು? ಮಲೆನಾಡಿನ ಮಳೆಗಾಲದಲ್ಲಿ ಅದು ಉಳಿದೀತೇ? ಜೇಬಿನಲ್ಲಿ ಚಾಕು ಇದ್ದರೆ ಪೊಲೀಸರ ತೊಂದರೆ ಇಲ್ಲವೇ?

ಉತ್ತರ: ಮೊದಲು ಕಟರ್ ವಿಷಯ. ರಟ್ಟಿನ ಪೆಟ್ಟಿಗೆ, ಅಂಟುಪಟ್ಟಿ, ಸಿಮೆಂಟ್ ಚೀಲ ಬಿಚ್ಚಲು ಕಟರ್‌ನಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಮೊಂಡಾದರೆ ತುದಿ ಮುರಿದು ಎಸೆದರಾಯಿತು. ಆದರೆ ಅದೇ ಕಟರಿನಲ್ಲಿ ಸೀಬೆಹಣ್ಣು ಕೊಯ್ದು ನೋಡಿ. ಅರ್ಧ ಮಿಲಿಮೀಟರ್ ದಪ್ಪದ ಅಲಗು ಹಣ್ಣಿನೊಳಗೆ ಬಳುಕುತ್ತದೆ, ರಸ ಪ್ಲಾಸ್ಟಿಕ್ ಕವಚದೊಳಗೆ ಸೇರಿ ಅಲ್ಲೇ ಹುಳಿಯುತ್ತದೆ, ತೊಳೆಯಲು ದಾರಿಯೇ ಇಲ್ಲ. ತಿನ್ನುವ ಪದಾರ್ಥಕ್ಕೂ ದಾರಕ್ಕೂ ಕಡ್ಡಿಗೂ ಕಾಗದಕ್ಕೂ ಒಂದೇ ಸಾಧನ ಬೇಕೆಂದಾಗ ಪುಟ್ಟ ಮಡಚು ಚಾಕುವಿನ ನಿಜವಾದ ಬೆಲೆ ತಿಳಿಯುತ್ತದೆ.

ಹಳೆಯ ನೆನಪಿನ ಮೋಹವೇ ಇದಕ್ಕೆ ಕಾರಣವೆಂದು ಹಲವರು ಹೇಳುತ್ತಾರೆ. ಅದು ಅರ್ಧ ಸತ್ಯವೂ ಅಲ್ಲ. ಮುಖ್ಯ ಕಾರಣ ಅಲಗಿನ ತೆಳುತನ. ಸಾಂಪ್ರದಾಯಿಕ ಜೇಬುಚಾಕುವಿನ ಅಲಗಿನ ಬೆನ್ನು 2 ಮಿ.ಮೀ. ಆಸುಪಾಸಿನಲ್ಲಿರುತ್ತದೆ, ಅಲ್ಲಿಂದ ಬಾಯಿಯವರೆಗೆ, ಅಂದರೆ ಹರಿತವಾದ ಅಂಚಿನವರೆಗೆ, ಒಂದೇ ಇಳಿಜಾರಿನಲ್ಲಿ ತೆಳ್ಳಗಾಗುತ್ತಾ ಬರುತ್ತದೆ. ಈಗಿನ 'ಟ್ಯಾಕ್ಟಿಕಲ್', ಅಂದರೆ ಕಾದಾಟದ ಶೈಲಿಯ ಚಾಕುಗಳ ಬೆನ್ನು 3ರಿಂದ 4 ಮಿ.ಮೀ. ದಪ್ಪ. ಎರಡನ್ನೂ ಒಂದೇ ಹದಕ್ಕೆ ಮಸೆದು ಗಜ್ಜರಿ ಕೊಯ್ದರೆ ವ್ಯತ್ಯಾಸ ಕಿವಿಗೇ ಕೇಳುತ್ತದೆ. ದಪ್ಪ ಅಲಗು ಅರ್ಧ ಇಳಿಯುತ್ತಲೇ ಗಜ್ಜರಿ 'ಟಕ್' ಎಂದು ಸೀಳುತ್ತದೆ, ಅಲ್ಲಿಂದ ಮುಂದೆ ಆಗುವುದು ಕೊಯ್ತವಲ್ಲ, ಬೆಣೆ ಹೊಡೆದಂತೆ ಸೀಳು. ತೆಳು ಅಲಗು ಸದ್ದಿಲ್ಲದೆ ಇಳಿದು ಹಲಗೆ ಮುಟ್ಟುತ್ತದೆ. ಹರಿತ ಎಂಬುದು ಬಾಯಿಯ ಕೊನೆಯ ಎಳೆಯಲ್ಲಿ ಮಾತ್ರ ಇರುವುದಲ್ಲ, ಅದರ ಹಿಂದಿನ ದಪ್ಪದಲ್ಲೂ ಇದೆ. ಹಳಬರ ಚಾಕು ಕೈಗೆ ಹಗುರವಾಗಿಯೂ ಕೆಲಸಕ್ಕೆ ಚುರುಕಾಗಿಯೂ ಇರುವುದರ ಗುಟ್ಟು ಇದು.

ಎರಡನೆಯ ಕಾರಣ ಅದರ ಕೀಲು. ಈ ಬಗೆಯ ಚಾಕುವಿಗೆ ಸ್ಲಿಪ್‌ಜಾಯಿಂಟ್ ಎಂದು ಹೆಸರು. ಹಿಡಿಯ ಬೆನ್ನಿನುದ್ದಕ್ಕೂ ಒಂದು ಉಕ್ಕಿನ ಪಟ್ಟಿ ಇರುತ್ತದೆ, ಅದೇ ಸ್ಪ್ರಿಂಗ್. ಅದನ್ನು ನಡುವೆ ಒಂದು, ಹಿಂಭಾಗದಲ್ಲಿ ಒಂದು ಪಿನ್ನಿನಿಂದ ಹಿಡಿದಿರುತ್ತಾರೆ, ಮುಂದಿನ ತುದಿ ಅಲಗಿನ ಬುಡದ ಮೇಲೆ ಒತ್ತಿಕೊಂಡಿರುತ್ತದೆ. ಆ ಬುಡಕ್ಕೆ ಚಪ್ಪಟೆ ಮುಖಗಳೂ ಅವುಗಳ ನಡುವೆ ಮೂಲೆಗಳೂ ಇರುತ್ತವೆ. ಉಗುರು ಸಿಗಿಸುವ ಗೀರಿನಿಂದ ಅಲಗನ್ನು ಎಬ್ಬಿಸಿದಾಗ ಬುಡದ ಮೂಲೆ ಸ್ಪ್ರಿಂಗನ್ನು ಮೇಲೆತ್ತುತ್ತದೆ. ಮೂಲೆ ದಾಟಿದೊಡನೆ ಸ್ಪ್ರಿಂಗ್ ಮುಂದಿನ ಚಪ್ಪಟೆ ಮುಖದ ಮೇಲೆ ಬಿದ್ದು 'ಟಕ್' ಎನ್ನುತ್ತದೆ. ಅಲಗು ಜಾರುವ ನಯವನ್ನೂ ಕೂರುವ ಸದ್ದನ್ನೂ ಸೇರಿಸಿ ಇಂಗ್ಲಿಷಿನವರು 'ವಾಕ್ ಅಂಡ್ ಟಾಕ್' ಎನ್ನುತ್ತಾರೆ. ನಮ್ಮ 'ನಡೆನುಡಿ' ಎಂಬ ಮಾತು ಇಲ್ಲಿ ಇನ್ನೂ ಚೆನ್ನಾಗಿ ಕೂರುತ್ತದೆ. ಒಳ್ಳೆಯ ಚಾಕುವಿನ ನಡೆನುಡಿ ಎರಡೂ ಸ್ಪಷ್ಟವಾಗಿರುತ್ತವೆ.

ಇಲ್ಲಿ ಬೀಗವಿಲ್ಲ ಎಂಬುದನ್ನು ಗಮನಿಸಿ. ಅಲಗಿನ ಬೆನ್ನಿನ ಮೇಲೆ ಜೋರಾಗಿ ಒತ್ತಿದರೆ ಚಾಕು ನಿಮ್ಮ ಬೆರಳಿನ ಮೇಲೇ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಇದರಿಂದ ತಿವಿಯುವುದು, ಮೀಟುವುದು, ಮೊನೆಯಿಂದ ತೂತು ಕೊರೆಯುವುದು ಸಲ್ಲದು. ಬಾಯಿಯ ಕಡೆಗೆ ಭಾರ ಬೀಳುವಂತೆ ಎಳೆದು ಕೊಯ್ಯುವುದು ಮಾತ್ರ ಇದರ ಕೆಲಸ. ಇದು ಕೊರತೆಯಂತೆ ಕಂಡರೂ, ಆಯುಧವಾಗಲು ಒಲ್ಲದ ಈ ಸ್ವಭಾವವೇ ಇದನ್ನು ಸಜ್ಜನರ ಜೇಬಿಗೆ ಸೇರಿಸಿದ್ದು. ಸಿನಿಮಾದ ರಾಂಪುರಿ ಚಾಕು ನೋಡಿ ಬೆಳೆದ ನಮಗೆ ಮಡಚುವ ಚಾಕು ಎಂದರೆ ರೌಡಿಯ ನೆನಪಾಗುತ್ತದೆ. ಎಲೆಅಡಿಕೆ ಚೀಲದ ಚಾಕು ಆ ಜಾತಿಯದಲ್ಲ.

ಇಂಗ್ಲೆಂಡಿನ ಕಾನೂನೂ ಈ ಭೇದವನ್ನೇ ಮಾಡುತ್ತದೆ. ಅಲ್ಲಿನ 1988ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯ 139ನೇ ಕಲಮಿನ ಪ್ರಕಾರ, ಹರಿತವಾದ ಭಾಗ 3 ಇಂಚು ಮೀರದ, ಮಡಚುವ ಜೇಬುಚಾಕುವನ್ನು ಕಾರಣ ಕೊಡದೆಯೇ ಒಯ್ಯಬಹುದು. ತೆರೆದಾಗ ಬೀಗ ಬೀಳುವ ಚಾಕುವಿಗೆ ಈ ವಿನಾಯಿತಿ ಇಲ್ಲವೆಂದು ನ್ಯಾಯಾಲಯ 1990ರ ದಶಕದಲ್ಲೇ ಹೇಳಿದೆ. ನಿಮ್ಮ ಮಗನ ಚಾಕು ಬೀಗವಿಲ್ಲದ್ದು, 7.62 ಸೆಂ.ಮೀ. ಒಳಗಿನದು ಆಗಿದ್ದರೆ ಹಣ್ಣು ಕೊಯ್ಯಲು ಜೇಬಿನಲ್ಲಿಡುವುದಕ್ಕೆ ಅಡ್ಡಿಯಿಲ್ಲ. ಜಗಳದ ಉದ್ದೇಶ ಇದ್ದರೆ ಮಾತ್ರ ಯಾವ ಅಳತೆಯೂ ಕಾಪಾಡದು. ಜರ್ಮನಿಯಲ್ಲಿ ಒಂದೇ ಕೈಯಲ್ಲಿ ತೆರೆದು ಬೀಗ ಬೀಳುವಂಥದ್ದನ್ನು ಸಕಾರಣವಿಲ್ಲದೆ ಒಯ್ಯುವಂತಿಲ್ಲ, 2024ರಿಂದ ಸಾರ್ವಜನಿಕ ಉತ್ಸವಗಳಿಗೆ ಯಾವ ಚಾಕುವನ್ನೂ ಒಯ್ಯಬಾರದು. ಜಪಾನಿನಲ್ಲಿ 6 ಸೆಂ.ಮೀ. ಮೀರಿದ ಅಲಗಿಗೆ ಸಕಾರಣ ಬೇಕು, ಅದಕ್ಕಿಂತ ಚಿಕ್ಕದನ್ನೂ ಸುಮ್ಮನೆ ಬಚ್ಚಿಟ್ಟುಕೊಂಡು ಓಡಾಡುವುದು ತಪ್ಪು.

ಒಂದೊಂದು ಊರು ತನ್ನ ಕೆಲಸಕ್ಕೆ ತಕ್ಕ ಚಾಕು ಮಾಡಿಕೊಂಡಿದೆ. ಇಂಗ್ಲೆಂಡಿನ ಶೆಫೀಲ್ಡ್ ಈ ಕಸುಬಿನ ತವರುಗಳಲ್ಲಿ ಒಂದು. ಬೆಂಜಮಿನ್ ಹಂಟ್ಸ್‌ಮನ್ 1740ರ ದಶಕದಲ್ಲಿ ಮೂಸೆಯಲ್ಲಿ ಉಕ್ಕು ಕರಗಿಸುವ ವಿಧಾನ ಕಂಡುಕೊಂಡ ಮೇಲೆ ಏಕರೂಪದ ಉಕ್ಕು ಅಲ್ಲಿನ ಕಸುಬುದಾರರ ಕೈಗೆ ಬಂತು. 'ಲಿಟಲ್ ಮೆಸ್ಟರ್' ಎಂದು ಕರೆಸಿಕೊಂಡವರು ಒಂದು ಕೋಣೆಯ ಕಾರ್ಖಾನೆಯಲ್ಲಿ ಕೂತು ಸ್ಪ್ರಿಂಗಿನ ಚಾಕು ಕಟ್ಟುತ್ತಿದ್ದರು. ಆ ಸಾಲಿನ ಸ್ಟಾನ್ ಶಾ 2021ರಲ್ಲಿ ತೀರಿಕೊಂಡರು. ಅಮೆರಿಕದ ಜಾನುವಾರು ಸಾಕಣೆಯ ಸೀಮೆಯಲ್ಲಿ ಮೂರು ಅಲಗಿನ 'ಸ್ಟಾಕ್‌ಮನ್' ಬೆಳೆಯಿತು. ಅದರಲ್ಲಿ ಮೊಂಡು ಮೊನೆಯ ಒಂದು ಅಲಗು ಇರುವುದು ಹೋರಿಯ ಬೀಜ ಒಡೆಯುವಾಗ ಪಕ್ಕದ ಚರ್ಮಕ್ಕೆ ಚುಚ್ಚದಿರಲಿ ಎಂದು. ಪೆನ್ಸಿಲ್ವೇನಿಯಾದ ಬ್ರಾಡ್‌ಫರ್ಡಿನ ಕೇಸ್ ಕಂಪನಿ 1889ರಿಂದ ಇವನ್ನು ಮಾಡುತ್ತಿದೆ. ಅವರ 'ಪೀನಟ್' ಮಾದರಿ ಮುಚ್ಚಿದಾಗ 7.3 ಸೆಂ.ಮೀ., ಅಂಗಿಯ ಜೇಬಿನಲ್ಲಿ ಇದ್ದುದೇ ತಿಳಿಯುವುದಿಲ್ಲ.

ಫ್ರಾನ್ಸಿನ ಸವಾಯ್ ಪ್ರಾಂತದ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ಚಾಕುವಿನಲ್ಲಿ ಸ್ಪ್ರಿಂಗೇ ಇಲ್ಲ. ಬೀಚ್ ಮರದ ಹಿಡಿಗೆ ಸೀಳು, ಅದರಲ್ಲಿ ಅಲಗು, ಒಂದು ಪಿನ್ನು. 1955ರಲ್ಲಿ ತಿರುಗಿಸುವ ಉಂಗುರದ ಬೀಗ ಸೇರಿತು, 5ನೇ ನಂಬರಿನವರೆಗಿನ ಚಿಕ್ಕವಕ್ಕೆ ಅದೂ ಇಲ್ಲ. ಜಪಾನಿನ ಮಿಕಿ ಊರಿನ 'ಹಿಗೊನೊಕಾಮಿ' ಇನ್ನೂ ಸರಳ: ಮಡಚಿದ ಲೋಹದ ತಗಡಿನ ಹಿಡಿ, ಬುಡದಲ್ಲಿ ಹೆಬ್ಬೆರಳಿಗೊಂದು ಬಾಲ, ಅಷ್ಟೇ. ಒಂದು ಕಾಲದಲ್ಲಿ ಅಲ್ಲಿನ ಶಾಲಾ ಮಕ್ಕಳು ಪೆನ್ಸಿಲ್ ಹೆರೆಯುತ್ತಿದ್ದುದು ಇದರಲ್ಲೇ. 1960ರಲ್ಲಿ ರಾಜಕಾರಣಿ ಅಸಾನುಮಾ ಅವರನ್ನು ಹದಿಹರೆಯದವನೊಬ್ಬ ಇರಿದು ಕೊಂದ ಮೇಲೆ ಮಕ್ಕಳ ಕೈಗೆ ಚಾಕು ಬೇಡವೆಂಬ ಚಳವಳಿ ಎದ್ದು ಈ ಕಸುಬು ಕುಸಿಯಿತು. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1897ರಲ್ಲಿ ನೋಂದಾಯಿಸಿದ ಅಧಿಕಾರಿಗಳ ಚಾಕು ಮುಂದೆ ವಿಕ್ಟೋರಿನಾಕ್ಸ್ ಹೆಸರಿನಲ್ಲಿ ಲೋಕಕ್ಕೆಲ್ಲ ಪರಿಚಿತವಾಯಿತು.

ಕೊಡವರ ಪೀಚೆಕತ್ತಿಯನ್ನು ಈ ಸಾಲಿಗೆ ಸೇರಿಸಬೇಡಿ. ಅದು ಸೊಂಟಕ್ಕೆ ಸುತ್ತುವ ಚೇಲೆಯಲ್ಲಿ ಸಿಕ್ಕಿಸುವ, ಮಡಚದ, ಉಡುಗೆಯ ಭಾಗವಾದ ಕತ್ತಿ. ಅದರ ಘನತೆಯೇ ಬೇರೆ.

ನಿಮಗೆ ಯಾವುದು? ಮಲೆನಾಡಿನಲ್ಲಿ ಇರುವವರಿಗೆ, ಮೊದಲ ಬಾರಿ ಕೊಳ್ಳುವವರಿಗೆ, ಅಲ್ಯೂಮಿನಿಯಂ ಹಿಡಿಯ, ಮುಚ್ಚಿದಾಗ 84 ಮಿ.ಮೀ. ಉದ್ದದ ವಿಕ್ಟೋರಿನಾಕ್ಸ್ ನಮ್ಮ ಆಯ್ಕೆ. ಅಲಗು 6 ಸೆಂ.ಮೀ. ಚಿಲ್ಲರೆ, ತುಕ್ಕು ತಡೆಯುವ ಉಕ್ಕು, ಉಕ್ಕಿನ ಗಡಸುತನ ಅಳೆಯುವ ರಾಕ್‌ವೆಲ್ ಮಾನದಲ್ಲಿ 55-56. ಈ ಸಂಖ್ಯೆ ಕಡಿಮೆಯಾಯಿತೆಂದು ಕೆಲವರು ಮೂಗು ಮುರಿಯುತ್ತಾರೆ. ಆದರೆ 60 ದಾಟಿದ ಉಕ್ಕನ್ನು ಮನೆಯ ಸಾಣೆಕಲ್ಲಿನಲ್ಲಿ ಮಸೆಯಲು ಹೋದರೆ ತಾಳ್ಮೆ ಸವೆಯುತ್ತದೆ, ಇದು ಐದು ನಿಮಿಷದಲ್ಲಿ ಹದಕ್ಕೆ ಬರುತ್ತದೆ. ಕಾಗದ, ದಾರ, ಮಾತ್ರೆಯ ಪಟ್ಟಿಗಷ್ಟೇ ಸಾಕಾದರೆ ಅದೇ ಕಂಪನಿಯ 58 ಮಿ.ಮೀ. 'ಕ್ಲಾಸಿಕ್' ಕೀಲಿಗೊಂಚಲಿನಲ್ಲೇ ತೂಗುತ್ತದೆ. ಅಡುಗೆಮನೆಗೂ ತೋಟಕ್ಕೂ ಆಗಬೇಕಾದರೆ ಒಪಿನೆಲ್‌ನ 6 ಅಥವಾ 7ನೇ ನಂಬರಿನದು, ಅದರಲ್ಲೂ ಸ್ಟೇನ್‌ಲೆಸ್‌ನದು. ಒಂದು ಎಚ್ಚರಿಕೆ: ಆಷಾಢದ ತೇವಕ್ಕೆ ಅದರ ಮರ ಉಬ್ಬಿ ಅಲಗು ಸೀಳಿನಲ್ಲೇ ಕಚ್ಚಿಕೊಳ್ಳುತ್ತದೆ. ಆಗ ಉಗುರು ಕೀಳಿಸಿಕೊಳ್ಳಬೇಡಿ. ಬೀಗದ ಉಂಗುರ ಬಿಡಿಸಿ, ಹಿಡಿಯ ಬಾಲದ ತುದಿಯನ್ನು ಮೇಜಿನ ಅಂಚಿಗೆ ಒಮ್ಮೆ ಕುಟ್ಟಿ. ಅಲಗಿನ ಮೊನೆ ತಾನಾಗಿ ಹೊರಗೆ ಇಣುಕುತ್ತದೆ. ಸವಾಯ್ ಜನರ ಈ ಉಪಾಯಕ್ಕೆ ಆ ಪ್ರಾಂತದ ಹೆಸರೇ ಇದೆ.

ಹಿಡಿಯ ವಿಷಯದಲ್ಲಿ ಎರಡು ಮಾತು. ಅಮೆರಿಕದ ಚಾಕುಗಳ 'ಬೋನ್' ಹಿಡಿ ನಿಜವಾಗಿಯೂ ದನದ ಮೂಳೆ. ಮೂಳೆ ಬೇಡ ಎನ್ನುವವರು ಮರ, ಅಲ್ಯೂಮಿನಿಯಂ, ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಹಿಡಿ ಕೇಳಿ ಪಡೆಯಬಹುದು. ಎರಡನೆಯದು ಕಾನೂನಿನದು. 'ಸಾಂಬಾರ್ ಸ್ಟ್ಯಾಗ್' ಎಂದರೆ ನಮ್ಮ ಕಡವೆಯ ಕೊಂಬು. ಶೆಫೀಲ್ಡಿನ ಹಳೆಯ ಬೆಲೆಬಾಳುವ ಚಾಕುಗಳಿಗೆ ಹೋಗುತ್ತಿದ್ದ ಕೊಂಬು ಭಾರತದ್ದೇ. ರಫ್ತು 1990ರ ದಶಕದ ಕೊನೆಗೆ ನಿಂತಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವಾಗ ಅಂಥ ಹಿಡಿಯ ಚಾಕುವನ್ನು ಹೊರದೇಶದಿಂದ ತರಿಸಿಕೊಳ್ಳುವ ಗೋಜಿಗೆ ಹೋಗಬೇಡಿ. ಹಿಡಿಯ ಎರಡು ತುದಿಯ ಬಿಳಿ ಲೋಹ ಬೆಳ್ಳಿಯೇ ಎಂದು ಬಹಳ ಜನ ಕೇಳುತ್ತಾರೆ. ಅಲ್ಲ, ಅದು ಪೂಜಾ ಸಾಮಾನಿನ ಅಂಗಡಿಯಲ್ಲಿ ಸಿಗುವ ಜರ್ಮನ್ ಸಿಲ್ವರ್. ತಾಮ್ರ, ಸತು, ನಿಕಲ್ ಮಿಶ್ರಣ. ತುಕ್ಕು ಹಿಡಿಯದು ಎಂಬುದೇ ಅದರ ಗುಣ.

ಅಂಗಡಿಯಲ್ಲಿ ಕೈಗೆ ಬಂದಾಗ ಹೀಗೆ ನೋಡಿ. ಮುಚ್ಚಿಟ್ಟು ಬೆಳಕಿಗೆ ಹಿಡಿಯಿರಿ. ಸ್ಪ್ರಿಂಗಿಗೂ ಪಕ್ಕದ ತಗಡಿಗೂ ನಡುವೆ ಬೆಳಕು ತೂರಿದರೆ ಅಲ್ಲಿ ನೀರೂ ತೂರುತ್ತದೆ. ತೆರೆದು, ಅರ್ಧ ಮಡಚಿ, ಪೂರ್ತಿ ಮುಚ್ಚಿ, ಮೂರೂ ಸಲ ಹಿಡಿಯ ಬೆನ್ನಿನ ಮೇಲೆ ಉಗುರು ಎಳೆಯಿರಿ. ತೆರೆದಾಗಲೂ ಮುಚ್ಚಿದಾಗಲೂ ಸ್ಪ್ರಿಂಗ್ ಸಮಕ್ಕೆ ಕೂತಿದ್ದರೆ ಕಟ್ಟಿದವನ ಕೈ ಒಳ್ಳೆಯದು. ಅಲಗನ್ನು ಎಡಬಲಕ್ಕೆ ಅಲ್ಲಾಡಿಸಿ ನೋಡಿ, ಅಲುಗಬಾರದು. ಮುಚ್ಚಿದಾಗ ಮೊನೆ ಹಿಡಿಯಿಂದ ಹೊರಗೆ ಚಾಚಿರಬಾರದು, ಜೇಬು ಹರಿಯುತ್ತದೆ, ಬೆರಳೂ ಹರಿಯುತ್ತದೆ. ಉಗುರು ಮುರಿಯುವಷ್ಟು ಬಿಗಿ ಇದ್ದರೆ ಬಿಡಿ. ಬಿಗಿಯೇ ಗಟ್ಟಿತನವೆಂಬ ಭ್ರಮೆ ಬೇಡ. ಕೊನೆಯದಾಗಿ, ಪತ್ರಿಕೆಯ ಕಾಗದದ ಸಣ್ಣ ಪಟ್ಟಿಯನ್ನು ಸ್ಪ್ರಿಂಗಿನ ಒಳಮೈಗೆ ಇಟ್ಟು ಮೆಲ್ಲಗೆ ಮುಚ್ಚಿ ತೆಗೆಯಿರಿ. ಕಾಗದದ ಮೇಲೆ ಕೊಯ್ದ ಗೆರೆ ಮೂಡಿದರೆ ಅಲಗಿನ ಬಾಯಿ ಸ್ಪ್ರಿಂಗಿಗೆ ತಾಗುತ್ತಿದೆ ಎಂದರ್ಥ. ಅಂಥದ್ದು ಪ್ರತಿ ಸಲ ಮುಚ್ಚಿದಾಗಲೂ ಅದೇ ಜಾಗದಲ್ಲಿ ಮೊಂಡಾಗುತ್ತದೆ. ಹೊಸತಾದರೆ ಬದಲಾಯಿಸಿಕೊಳ್ಳಿ.

ಇದೇ ತೊಂದರೆ ಒಳ್ಳೆಯ ಚಾಕುವಿಗೂ ಆಮೇಲೆ ಬರಬಹುದು. ಅಲಗಿನ ಬುಡದ ಕೆಳಗೆ ಒಂದು ಪುಟ್ಟ ಉಬ್ಬು ಇರುತ್ತದೆ. ಮುಚ್ಚಿದಾಗ ಸ್ಪ್ರಿಂಗಿನ ಮೇಲೆ ಕೂರುವುದು ಅದು, ಬಾಯಿಯಲ್ಲ. ಸಾಣೆ ಹಿಡಿಯುವಾಗ ಆ ಉಬ್ಬನ್ನೂ ಸವೆಸಿದರೆ ಅಲಗು ಕೆಳಗಿಳಿದು ಬಾಯಿ ಬಡಿಯುತ್ತದೆ. 'ಟಪ್' ಎಂದು ಬೆರಳು ಬಿಟ್ಟು ಮುಚ್ಚಿದರೂ ಅಷ್ಟೇ, ಸ್ಪ್ರಿಂಗಿನ ರಭಸಕ್ಕೆ ಉಬ್ಬು ದಿನೇದಿನೇ ಚಪ್ಪಟೆಯಾಗುತ್ತದೆ. ಕೊನೆಯವರೆಗೂ ಕೈಯಲ್ಲಿ ಹಿಡಿದೇ ಮುಚ್ಚಿ.

ಮಸೆಯುವುದು ಕಷ್ಟದ ವಿದ್ಯೆಯೇನಲ್ಲ. ಹಾರ್ಡ್‌ವೇರ್ ಅಂಗಡಿಯ ಎರಡು ಮೈಯ ಕಾರ್ಬೊರಂಡಂ ಕಲ್ಲು ಸಾಕು. ನೀರು ಹಾಕುವುದಾದರೆ ಯಾವಾಗಲೂ ನೀರು, ಎಣ್ಣೆಯಾದರೆ ಯಾವಾಗಲೂ ಎಣ್ಣೆ. ಕೋನ ಹಿಡಿಯುವುದೇ ಮುಖ್ಯ. 12 ಮಿ.ಮೀ. ಅಗಲದ ಅಲಗಿನ ಬೆನ್ನಿನ ಕೆಳಗೆ ಒಂದರ ಮೇಲೊಂದು ಎರಡು ಒಂದು ರೂಪಾಯಿ ನಾಣ್ಯ ಇಟ್ಟರೆ ಹತ್ತಿರಹತ್ತಿರ 3 ಮಿ.ಮೀ. ಎತ್ತರ, ಬೆನ್ನಿನ ಅರ್ಧ ದಪ್ಪವೂ ಸೇರಿ ಸುಮಾರು 18ರಿಂದ 20 ಡಿಗ್ರಿ ಕೋನ ಸಿಗುತ್ತದೆ. ಆ ಓರೆಯನ್ನು ಕಣ್ಣು ತುಂಬಿಕೊಂಡು ನಾಣ್ಯ ತೆಗೆದುಬಿಡಿ. ತರಿ ಮೈ ಬೇಕಾಗುವುದು ಬಾಯಿ ಹಲ್ಲುಹಲ್ಲಾದಾಗ ಮಾತ್ರ. ಉಳಿದಂತೆ ನುಣುಪು ಮೈಯಲ್ಲೇ ಕಲ್ಲಿನಿಂದ ತೆಳು ಪದರ ಹೆರೆಯುವಂತೆ ಒಂದು ಬದಿಗೆ ಹತ್ತು ಸಲ ಎಳೆಯಿರಿ. ಎದುರು ಬದಿಯಲ್ಲಿ, ಬೆನ್ನಿನಿಂದ ಬಾಯಿಯ ಕಡೆಗೆ ಬೆರಳು ಸವರಿದಾಗ ಕೂದಲೆಳೆಯಂಥ ತರಕಲು ಸಿಗಬೇಕು. ಅದು ಬುಡದಿಂದ ಮೊನೆಯವರೆಗೂ ಸಿಗದೆ ಬದಿ ಬದಲಿಸಬೇಡಿ. ಬಹುಪಾಲು ಜನ ಸೋಲುವುದು ಇಲ್ಲೇ: ನಾಲ್ಕು ಎಳೆದು ತಿರುಗಿಸುತ್ತಾರೆ, ಬಾಯಿ ಕೂಡಿಕೊಳ್ಳುವುದೇ ಇಲ್ಲ. ಆಮೇಲೆ ಹಗುರವಾಗಿ ಒಂದೊಂದು ಬದಿಗೆ ಐದು, ಮೂರು, ಒಂದು ಎಂದು ಇಳಿಸುತ್ತಾ ಬನ್ನಿ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಒಳಮೈಯಲ್ಲಿ ಬೆನ್ನು ಮುಂದಾಗಿ ಹದಿನೈದು ಸಲ. ಬೀದಿಯ ಸಾಣೆಯವರ ತಿರುಗುವ ಚಕ್ರಕ್ಕೆ ಈ ಪುಟ್ಟ ಅಲಗನ್ನು ಕೊಡಬೇಡಿ. ತೆಳು ಬಾಯಿ ಕ್ಷಣದಲ್ಲಿ ಕಾದು ನೀಲಿಗಟ್ಟಿತೆಂದರೆ ಹದ ಹೋಯಿತು, ಅದು ಮರಳಿ ಬಾರದು.

ಇನ್ನು ಮಳೆಗಾಲ. ಕಾರ್ಬನ್ ಉಕ್ಕಿನ, ಅಂದರೆ ಸ್ಟೇನ್‌ಲೆಸ್ ಅಲ್ಲದ ಹಳೆಯ ಬಗೆಯ ಅಲಗು ಕಪ್ಪಾದರೆ ಹೆದರಬೇಡಿ. ಹಸಿ ಅಡಿಕೆ, ಮಾವಿನಕಾಯಿ, ನಿಂಬೆ ಕೊಯ್ದಾಗ ಬರುವ ನೀಲಿಗಪ್ಪು ಮೈ ತುಕ್ಕನ್ನು ದೂರವಿಡುತ್ತದೆ. ಅಡಿಕೆ ಸುಲಿದವರ ಕೈ ಕಪ್ಪಾಗಿಸುವ ಚೊಗರೇ ಕಬ್ಬಿಣದ ಜೊತೆ ಸೇರಿ ಈ ಬಣ್ಣ ಕೊಡುತ್ತದೆ. ಕೆಂಪು ಪುಡಿ ಕಂಡರೆ ಮಾತ್ರ ತಕ್ಷಣ ಉಜ್ಜಿ ತೆಗೆಯಬೇಕು. ಒಣಗಿದ ಗೋಟಡಿಕೆಗೆ ಮಾತ್ರ ಚಾಕು ಹಾಕಬೇಡಿ, ಬಾಯಿ ಚಕ್ಕೆ ಏಳುತ್ತದೆ. ಅಡಕತ್ತರಿ ಇರುವುದೇ ಅದಕ್ಕೆ. ಹಲಸಿನ ಮೇಣ ಹತ್ತಿದರೆ ತೆಂಗಿನೆಣ್ಣೆಯಲ್ಲಿ ಒರೆಸಿ. ಆದರೆ ಕೀಲಿಗೆ ಅಡುಗೆ ಎಣ್ಣೆ ಬಿಡುವುದು ತಪ್ಪು. ಕಡಲೆಕಾಯಿ, ಸೂರ್ಯಕಾಂತಿ ಎಣ್ಣೆ ಗಾಳಿಗೆ ಅಂಟಾಗಿ ಗಟ್ಟಿಯಾಗುತ್ತದೆ. ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು, ಹಣ್ಣು ಕೊಯ್ಯುವ ಅಲಗಿಗೆ ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಸವರಿದರೆ ಸಾಕು. ಚರ್ಮದ ಚೀಲದೊಳಗೆ ತಿಂಗಳುಗಟ್ಟಲೆ ಇಡಬೇಡಿ. ಚರ್ಮ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಅದರಲ್ಲಿರುವ ಲವಣ ಉಕ್ಕನ್ನು ತಿನ್ನುತ್ತದೆ. ಸ್ಟೇನ್‌ಲೆಸ್ ಎಂಬ ಹೆಸರು ಕೇಳಿ ಉಪೇಕ್ಷೆ ಬೇಡ. ಬೆವರು ಮತ್ತು ಕಡಲಗಾಳಿಯ ಉಪ್ಪಿಗೆ ಅದರ ಕೀಲಿನ ಒಳಗೂ ಚುಕ್ಕೆ ತುಕ್ಕು ಬರುತ್ತದೆ.

ನಮ್ಮ ದೇಶದ ಕಾನೂನು: ಶಸ್ತ್ರಾಸ್ತ್ರ ನಿಯಮಗಳು ಆಯುಧವೆಂದು ಪಟ್ಟಿ ಮಾಡುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು, ಅದರಲ್ಲೂ ಮನೆಬಳಕೆ, ಕೃಷಿ ಮೊದಲಾದವಕ್ಕೆ ಮಾಡಿದ ಸಾಧನಗಳನ್ನು ಹೊರಗಿಟ್ಟು. ನಿಮ್ಮ 6 ಸೆಂ.ಮೀ. ಚಾಕುವಿಗೆ ಲೈಸೆನ್ಸ್ ಬೇಕಿಲ್ಲ. ಆದರೆ ಕೆಲವು ಕಡೆ ಬೇರೆ ಅಧಿಸೂಚನೆಗಳಿವೆ. ದೆಹಲಿಯಲ್ಲಿ ಗುಂಡಿ ಅಥವಾ ಸ್ಪ್ರಿಂಗಿನಿಂದ ಚಿಮ್ಮಿ ತೆರೆಯುವ, 7.62 ಸೆಂ.ಮೀ. ಉದ್ದ ಮತ್ತು 1.72 ಸೆಂ.ಮೀ. ಅಗಲ ಮುಟ್ಟುವ ಚಾಕುಗಳಿಗೆ 1980ರಿಂದಲೇ ನಿರ್ಬಂಧವಿದೆ. ಅಂಥ ಚಿಮ್ಮುವ ಚಾಕುವನ್ನು ಎಲ್ಲೂ ಕೊಳ್ಳಬೇಡಿ. ನಿಷೇಧಾಜ್ಞೆ ಇದ್ದಾಗ, ಚುನಾವಣೆಯ ದಿನಗಳಲ್ಲಿ, ಕೋರ್ಟು, ಮೆಟ್ರೋ, ಮಾಲ್‌ಗೆ ಹೋಗುವಾಗ ಮನೆಯಲ್ಲೇ ಬಿಡಿ, ತಪಾಸಣೆಯಲ್ಲಿ ಕಳೆದುಕೊಂಡರೆ ಮರಳಿ ಸಿಗುವುದು ಕಷ್ಟ. ವಿಮಾನದಲ್ಲಿ ಕೈಚೀಲಕ್ಕೆ ಬೇಡ, ಒಪ್ಪಿಸುವ ಪೆಟ್ಟಿಗೆಯಲ್ಲಿರಲಿ.

ಅಜ್ಜನ ಚಾಕು ಉಳಿಯಬಹುದು. ಇಕ್ಕಳದಿಂದ ಎಳೆಯಬೇಡಿ, ಬೆಂಕಿಗೆ ಹಿಡಿಯಬೇಡಿ. ಹಿಡಿ ಮರದ್ದೋ ಕೊಂಬಿನದೋ ಆಗಿದ್ದರೆ ಪೂರ್ತಿ ಮುಳುಗಿಸದೆ ಕೀಲಿನ ಕಡೆಯ ತುದಿಯನ್ನಷ್ಟೇ ಸೀಮೆಎಣ್ಣೆಯಲ್ಲಿ ಒಂದು ಹಗಲು ಒಂದು ರಾತ್ರಿ ನೆನೆಸಿ. ಆಮೆಚಿಪ್ಪಿನಂತೆ ಹೊಳೆಯುವ ಹಳೆಯ ಸೆಲ್ಯುಲಾಯ್ಡ್ ಹಿಡಿಯಾಗಿದ್ದರೆ ಅದನ್ನು ಬೇರೆ ಚಾಕುಗಳ ಜೊತೆ ಡಬ್ಬಿಯಲ್ಲಿ ಇಡಬೇಡಿ. ಅದು ಕೊಳೆಯುತ್ತಾ ಬಿಡುವ ಆಮ್ಲದ ಆವಿಗೆ ಪಕ್ಕದವೂ ತುಕ್ಕು ಹಿಡಿಯುತ್ತವೆ. ನೆನೆದ ಮೇಲೆ ಅಲಗಿನ ಎರಡು ಪಕ್ಕವನ್ನು ಬಟ್ಟೆಯಲ್ಲಿ ಹಿಡಿದು ಒಂದೆರಡು ಮಿಲಿಮೀಟರ್ ಮಾತ್ರ ಎಬ್ಬಿಸಿ, ಮುಚ್ಚಿ, ಮತ್ತೆ ಎಣ್ಣೆ ಬಿಡಿ. ಕಂದು ರಸ ಹೊರಬರುತ್ತದೆ, ಅದನ್ನು ಒರೆಸುತ್ತಾ ಹೋಗಿ. ಎರಡು ಮೂರು ದಿನ ಹಿಡಿದೀತು. ಪೂರ್ತಿ ತೆರೆದ ಮೇಲೆ ಸಾಬೂನು ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಸೀಳಿನೊಳಗೆ ತೊಳೆದು, ಬಿಸಿಲಲ್ಲಿ ಒಣಗಿಸಿ, ಕೀಲಿಗೆ ಎಣ್ಣೆ ಹಾಕಿ. ಅಲಗಿನ ಕೆಂಪನ್ನು ಅತಿ ನಯವಾದ ಉಕ್ಕಿನ ನಾರಿನಿಂದ ಎಣ್ಣೆ ಹಚ್ಚಿ ಉಜ್ಜಿ, ಕಪ್ಪನ್ನು ಹಾಗೇ ಬಿಡಿ. ಬುಡದ ಹತ್ತಿರ ಮಾತ್ರ ಜೋರು ಬೇಡ, ಮಾಡಿದವರ ಮುದ್ರೆ ಇರುವುದು ಅಲ್ಲಿಯೇ, ಅದು ಸವೆದರೆ ಚಾಕು ಎಲ್ಲಿಯದೆಂದು ಹೇಳುವ ಗುರುತೇ ಹೋಗುತ್ತದೆ. ಅಲಗು ಎಡಬಲ ಅಲುಗಿದರೆ, ಚಾಕುವನ್ನು ಗಟ್ಟಿ ಕಬ್ಬಿಣದ ಮೇಲೆ ಮಲಗಿಸಿ ಕೀಲಿನ ಪಿನ್ನಿನ ತಲೆಗೆ ಗುಂಡುತಲೆಯ ಸುತ್ತಿಗೆಯಿಂದ ಹಗುರವಾಗಿ ನಾಲ್ಕೈದು ಬಾರಿ ತಟ್ಟಿ. ಎರಡು ಏಟಿಗೊಮ್ಮೆ ತೆರೆದು ಮುಚ್ಚಿ ನೋಡುತ್ತಿರಿ, ಹೆಚ್ಚಾದರೆ ಮತ್ತೆ ಬಿಗಿದುಕೊಳ್ಳುತ್ತದೆ.